ದೋಣಿಯಲ್ಲೇ ಸಂಸಾರ, ಇಂಗ್ಲೆಂಡಿನ ಕಾಲುವೆಗಳಲ್ಲಿ ಮೂರು ವರ್ಷ: ಕೇಳುವುದಿದ್ದರೆ ಕೇಳಿ

ನಿಧಾನಗಾಮಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ಬೇರೆ ಯಾವುದೋ ಮಾತಿನ ಮಧ್ಯೆ "ನಾವು ದೋಣಿಯಲ್ಲೇ ಇರೋದು" ಎಂದು ಬಾಯಿತಪ್ಪಿ ಬರೆದುಬಿಟ್ಟೆ. ಅವತ್ತಿನಿಂದ ಪ್ರಶ್ನೆಗಳು ನಿಂತಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಇಲ್ಲೇ ಎಲ್ಲ ಬರೆಯುತ್ತೇನೆ.

ನಾನು ಸಾಗರದ ಕಡೆಯವಳು, ನಮ್ಮವರು ಚಳ್ಳಕೆರೆ. ಇಂಗ್ಲೆಂಡಿಗೆ ಬಂದು ಹನ್ನೊಂದು ವರ್ಷ. ಮೂರು ವರ್ಷದ ಹಿಂದೆ ಬಾಡಿಗೆ ಮನೆ ಬಿಟ್ಟು 57 ಅಡಿ ಉದ್ದದ ನಾರೋಬೋಟ್ ಕೊಂಡೆವು. ಅಗಲ ಎಷ್ಟು ಗೊತ್ತಾ? 6 ಅಡಿ 10 ಇಂಚು. ಅದೂ ಹೊರಗಿನ ಅಳತೆ. ಉದ್ದದಲ್ಲಿ ಒಂದೂವರೆ ಸಿಟಿ ಬಸ್ಸು, ಅಗಲದಲ್ಲಿ ಒಂದು ಬಸ್ಸೂ ಇಲ್ಲ. ಒಬ್ಬರು ಅಡುಗೆ ಮಾಡುತ್ತಿದ್ದರೆ ಇನ್ನೊಬ್ಬರು ಹೊಟ್ಟೆ ಒಳಗೆಳೆದುಕೊಂಡು ದಾಟಬೇಕು.

ಇಷ್ಟು ಕಿರಿದಾಗಿರಲು ಕಾರಣ ಇದೆ. 1760ರ ದಶಕದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬಾತ ಇಲ್ಲಿ ಕಾಲುವೆ ತೋಡಿಸಿದಾಗ ನೀರೂ ದುಡ್ಡೂ ಉಳಿಯಲಿ ಎಂದು ಲಾಕ್‌ಗಳನ್ನು (ದೋಣಿ ಹತ್ತಿಳಿಯುವ ಬಾಗಿಲಿನ ತೊಟ್ಟಿಗಳನ್ನು) 7 ಅಡಿ ಅಗಲಕ್ಕೆ ಕಟ್ಟಿಸಿದ. ಕಲ್ಲಿದ್ದಲು ಸಾಗಿಸಲು ಅಷ್ಟು ಸಾಕಿತ್ತು. ಇವತ್ತಿಗೂ ಆ ಬಾಗಿಲುಗಳ ಅಳತೆಗೇ ನಮ್ಮ ಮಂಚ, ನಮ್ಮ ಸ್ನಾನದ ಮನೆ.

ನಮಗೆ ಕಾಯಂ ಜಾಗ ಇಲ್ಲ. ಇಲ್ಲಿ ಇದಕ್ಕೆ ಕಂಟಿನ್ಯುಯಸ್ ಕ್ರೂಸಿಂಗ್ ಅನ್ನುತ್ತಾರೆ. 1995ರ ಕಾನೂನಿನ ಪ್ರಕಾರ ಒಂದು ಕಡೆ ಒಟ್ಟಿಗೆ 14 ದಿನಕ್ಕಿಂತ ಹೆಚ್ಚು ನಿಲ್ಲುವ ಹಾಗಿಲ್ಲ. ಕೆಲವು ಕಡೆ ಎರಡೇ ದಿನ ಎಂದು ಬೋರ್ಡು ಹಾಕಿರುತ್ತಾರೆ. ಸುಮ್ನೆ ಎರಡು ಜಾಗಗಳ ನಡುವೆ ಓಲಾಡಿದರೂ ಸಾಲದು, ನಿಜವಾಗಿ ಪ್ರಯಾಣ ಮಾಡುತ್ತಿರಬೇಕು. ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಸುಮಾರು 2000 ಮೈಲಿ ಕಾಲುವೆ, ನದಿಗಳನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತದೆ. 2012ರವರೆಗೆ ಆ ಕೆಲಸ ಸರ್ಕಾರದ ಕೈಯಲ್ಲಿತ್ತು.

ವೇಗದ ಮಿತಿ ಗಂಟೆಗೆ 4 ಮೈಲಿ. ದಂಡೆಯ ಮೇಲೆ ನಾಯಿ ಹಿಡಿದುಕೊಂಡು ಹೋಗುವ ಅಜ್ಜಂದಿರು ನಮ್ಮನ್ನು ದಾಟಿಕೊಂಡು ಹೋಗುತ್ತಾರೆ, ಹೋಗುತ್ತಾ "ಮಾರ್ನಿಂಗ್" ಅನ್ನುತ್ತಾರೆ. ಮಕ್ಕಳಿಲ್ಲ. ಇಬ್ಬರದೂ ಕಂಪ್ಯೂಟರ್ ಮುಂದಿನ ಕೆಲಸ. ಚಾವಣಿ ಮೇಲೆ ನಾಲ್ಕು ಸೋಲಾರ್ ಹಲಗೆ, ಒಂದು 4ಜಿ ಆಂಟೆನಾ. ಕೇಳಿ.

ಲೆಕ್ಕದ ಪುಸ್ತಕ

ಮೇಡಂ, ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಯೂಟ್ಯೂಬಿನಲ್ಲಿ ನೋಡಿದರೆ ಬಾಡಿಗೆ ಇಲ್ಲ, ಸಾಲ ಇಲ್ಲ, ಕೈಯಲ್ಲಿ ಕಾಫಿ, ಪಕ್ಕದಲ್ಲಿ ಬಾತುಕೋಳಿ. ನಿಜವಾಗಿಯೂ ದುಡ್ಡು ಉಳಿಯುತ್ತಾ?

ನಿಧಾನಗಾಮಿ

ಲಂಡನ್ ಬಾಡಿಗೆಗೆ ಹೋಲಿಸಿದರೆ ಉಳಿಯುತ್ತದೆ. ಆದರೆ ಉಳಿಸಲೆಂದೇ ಬಂದರೆ ಅಳುತ್ತೀರಿ.

ದೋಣಿಗೆ ಬ್ಯಾಂಕಿನ ಗೃಹಸಾಲ ಸಿಗುವುದಿಲ್ಲ. ಕಾರಿನ ಹಾಗೆ ಬೆಲೆಯೂ ಇಳಿಯುತ್ತದೆ. ನಮ್ಮದು ಸೆಕೆಂಡ್ ಹ್ಯಾಂಡ್, ಐವತ್ತು ಸಾವಿರ ಪೌಂಡಿನ ಮೇಲಾಯಿತು. ಕೊಳ್ಳುವ ಮೊದಲು ಒಂದು ಕಥೆ ಇದೆ. ಮೊದಲು ಮೆಚ್ಚಿದ್ದು ಬೇರೆ ದೋಣಿ. ಹಸಿರು ಬಣ್ಣ, ಬಾಗಿಲ ಮೇಲೆ ಗುಲಾಬಿ ಹೂವು, ಕೋಟೆ ಚಿತ್ರ, ಒಳಗೆ ಹಿತ್ತಾಳೆಯ ದೀಪ. ನಮ್ಮವರಂತೂ ಅವತ್ತೇ ಹೆಸರಿಡಲು ಹೊರಟಿದ್ದರು. ಪರೀಕ್ಷೆ ಮಾಡುವವರು ಬಂದು ಅದನ್ನು ನೀರಿನಿಂದ ಎತ್ತಿಸಿ, ತಳವನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತಾ ಹೋದರು, ತೆಂಗಿನಕಾಯಿ ತಟ್ಟಿ ನೋಡುತ್ತಾರಲ್ಲ ಹಾಗೆ. ಒಂದು ಕಡೆ ಟಣ್ ಎನ್ನಬೇಕಾದ ಶಬ್ದ ಟಪ್ ಎಂದಿತು. ಯಂತ್ರ ಇಟ್ಟು ಅಳೆದರೆ ತಳದ ಕಬ್ಬಿಣ 4 ಮಿಲಿಮೀಟರಿಗಿಂತ ಕಡಿಮೆ. ಹೊಸ ದೋಣಿಗೆ ತಳ 10, ಪಕ್ಕ 6 ಮಿಲಿಮೀಟರ್ ಇರುತ್ತದೆ. 4ಕ್ಕಿಂತ ಕೆಳಗಿಳಿದರೆ ವಿಮೆಯವರು ಮುಖ ತಿರುಗಿಸುತ್ತಾರೆ. ಪರೀಕ್ಷೆಗೆ ಕೊಟ್ಟ ದುಡ್ಡು ಹೋಯಿತು, ದೊಡ್ಡ ಗಂಟು ಉಳಿಯಿತು.

ಇನ್ನು ವರ್ಷದ ಖರ್ಚು. ಲೈಸೆನ್ಸ್ ಸಾವಿರ ಪೌಂಡ್ ದಾಟುತ್ತದೆ. ಕಾಯಂ ಜಾಗ ಇಲ್ಲದವರಿಗೆ 2024ರ ಏಪ್ರಿಲ್‌ನಿಂದ ಅದರ ಮೇಲೆ ಇನ್ನಷ್ಟು ಸೇರಿಸಿದ್ದಾರೆ. ವಿಮೆ ಬೇರೆ. ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತಾ ಸರ್ಟಿಫಿಕೇಟ್. ಎರಡು ಮೂರು ವರ್ಷಕ್ಕೊಮ್ಮೆ ಎತ್ತಿಸಿ ತಳಕ್ಕೆ ಕಪ್ಪು ಬಳಿಯಬೇಕು. ಡೀಸೆಲ್ ಗಂಟೆಗೆ ಒಂದೂವರೆ ಲೀಟರ್ ಆಸುಪಾಸು. ಚಳಿಗಾಲದಲ್ಲಿ ಕಲ್ಲಿದ್ದಲು ಮೂಟೆ ಎರಡು ಮೂರು ದಿನಕ್ಕೊಂದು. ನಡುವೆ ಬ್ಯಾಟರಿ ಸತ್ತರೆ ಆ ತಿಂಗಳ ಲೆಕ್ಕ ಮುಗಿಯಿತು.

ಅಡುಗೆಮನೆ ಕಿಟಕಿ

ದುಡ್ಡಿನ ಮಾತು ಇರಲಿ. ದೋಸೆ ಆಗುತ್ತಾ ಇಲ್ವಾ ಮೊದಲು ಹೇಳಿ 😄 ಆಮೇಲೆ ಇನ್ನೊಂದು, ಎಲ್ಲರೂ ಕೇಳಬೇಕು ಅಂದುಕೊಂಡು ಕೇಳದೇ ಇರೋದು: ಟಾಯ್ಲೆಟ್?

ನಿಧಾನಗಾಮಿ

ದೋಸೆ ಆಗುತ್ತದೆ. ಗ್ಯಾಸ್ ಸಿಲಿಂಡರ್ ಇದೆ, ಊರಿನಂತೆಯೇ. ಮಿಕ್ಸಿ ಮಾತ್ರ ಎಂಜಿನ್ ಓಡುವಾಗಲೇ ಹಾಕುವುದು, ಇಲ್ಲದಿದ್ದರೆ ಬ್ಯಾಟರಿ ನರಳುತ್ತದೆ. ಅದಕ್ಕೇ ನಮ್ಮಲ್ಲಿ ಹಿಟ್ಟು ರುಬ್ಬುವ ದಿನ ಅಂದರೆ ಊರು ಬದಲಿಸುವ ದಿನ. ಇವರು ಹಿಂದೆ ನಿಂತು ದೋಣಿ ನಡೆಸುತ್ತಿರುತ್ತಾರೆ, ನಾನು ಒಳಗೆ ರುಬ್ಬುತ್ತಿರುತ್ತೇನೆ. ಎಂಜಿನ್ ಬಿಸಿಯಲ್ಲೇ ಸ್ನಾನದ ನೀರು ಕಾಯುವ ಹಂಡೆ ಒಂದಿದೆ. ಅದರ ಪಕ್ಕದ ಗೂಡಿನಲ್ಲಿ ಹಿಟ್ಟಿನ ಪಾತ್ರೆ ಇಟ್ಟರೆ ಡಿಸೆಂಬರಿನಲ್ಲೂ ಬೆಳಿಗ್ಗೆ ಮುಚ್ಚಳ ಎತ್ತಿರುತ್ತದೆ. ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಕೂಗುತ್ತದೆ. ಕೂಗಲಿ ಬಿಡಿ. ಅದರ ಬ್ಯಾಟರಿ ತೆಗೆಯುವ ಬುದ್ಧಿ ಮಾತ್ರ ಯಾರಿಗೂ ಬರಬಾರದು. ಕಬ್ಬಿಣದ ಪೆಟ್ಟಿಗೆಯೊಳಗೆ ಕಲ್ಲಿದ್ದಲ ಒಲೆ ಉರಿಸಿ ಮಲಗುವವರು ನಾವು. ಕಾರ್ಬನ್ ಮೊನಾಕ್ಸೈಡ್ ಅಲಾರಂ 2019ರಿಂದ ಕಡ್ಡಾಯ. ನಮ್ಮದು ಒಮ್ಮೆ ರಾತ್ರಿ ಎರಡೂವರೆಗೆ ಕೂಗಿತು. ಎದ್ದು ಕಿಟಕಿ ಬಾಗಿಲು ಎಲ್ಲ ತೆರೆದು, ಕಂಬಳಿ ಹೊದ್ದು ಹೊರಗೆ ಕೂತೆವು. ಬೆಳಿಗ್ಗೆ ನೋಡಿದರೆ ಒಲೆಯ ಬಾಗಿಲಿನ ಸುತ್ತಲಿನ ಹಗ್ಗ ಸವೆದಿತ್ತು. ಅಷ್ಟೇ, ಒಂದು ಗೇಣು ಹಗ್ಗ.

ಟಾಯ್ಲೆಟ್. ನಮ್ಮದು ಕ್ಯಾಸೆಟ್ ಥರದ್ದು. ಕೆಳಗೆ ಹತ್ತಿರ ಹತ್ತಿರ 20 ಲೀಟರಿನ ಡಬ್ಬಿ. ಇಬ್ಬರಿಗೆ ಮೂರು ದಿನ. ತುಂಬಿದ ಮೇಲೆ ಅದನ್ನು ಕೈಗಾಡಿಯಲ್ಲಿ ಎಳೆದುಕೊಂಡು ಎಲ್ಸಾನ್ ಎಂಬ ಜಾಗಕ್ಕೆ ಹೋಗಿ ಸುರಿದು, ತೊಳೆದು ತರಬೇಕು. ಮೊದಲ ಸಲ ನಮ್ಮಿಬ್ಬರಲ್ಲಿ ಯಾರು ಒಯ್ಯಬೇಕೆಂದು ಅರ್ಧ ದಿನ ಮಾತೇ ಆಡಲಿಲ್ಲ. ನಮ್ಮ ಊರುಗಳಲ್ಲಿ ಈ ಕೆಲಸವನ್ನು ಯಾರ ತಲೆಗೆ ಕಟ್ಟಿದ್ದೆವು ಎಂಬುದು ಅವತ್ತು ಹಿಮದಲ್ಲಿ ಡಬ್ಬಿ ಎಳೆಯುವಾಗ ನೆನಪಾಗದೆ ಇರಲಿಲ್ಲ. ನಮ್ಮತ್ತೆ ವಿಡಿಯೋ ಕಾಲಿನಲ್ಲಿ ಮಗ ಡಬ್ಬಿ ಎಳೆಯೋದು ನೋಡಿ ಫೋನ್ ಇಟ್ಟುಬಿಟ್ಟರು. ಎರಡು ದಿನ ಬಿಟ್ಟು ಅವರೇ ಮಾಡಿ, "ಕೈಗೆ ಗ್ಲೌಸ್ ಹಾಕ್ಕೊಳ್ಳೋಕೆ ಹೇಳು" ಎಂದರು.

ಮಂಡ್ಯದ ನಾಲೆ

ನಾನು ವಿಶ್ವೇಶ್ವರಯ್ಯ ನಾಲೆ ಪಕ್ಕದಲ್ಲೇ ಬೆಳೆದವನು. ನಮ್ಮಲ್ಲಿ ನಾಲೆ ಅಂದರೆ ನೀರು ಹರಿಯಬೇಕು, ಗದ್ದೆಗೆ ಹೋಗಬೇಕು. ನಮ್ಮ ಹುಲಿಕೆರೆ ಸುರಂಗದಲ್ಲೂ ನೀರು ಹೋಗುತ್ತೆ, ದೋಣಿ ಹೋಗಲ್ಲ. ನಿಮ್ಮ ಕಾಲುವೆಯಲ್ಲಿ ದೋಣಿ ಗುಡ್ಡ ಹತ್ತುತ್ತೆ ಅಂತಾರಲ್ಲ, ಅದು ಹೇಗೆ ಅಂತ ತಲೆಗೇ ಹೋಗುತ್ತಿಲ್ಲ ಅಕ್ಕ.

ನಿಧಾನಗಾಮಿ

ತೂಬು ಗೊತ್ತಲ್ಲ ನಿಮಗೆ, ಹಾಗಾದರೆ ಅರ್ಧ ಗೊತ್ತಾದ ಹಾಗೆಯೇ.

ಇಲ್ಲಿನ ಕಾಲುವೆ ಹರಿಯುವುದಿಲ್ಲ. ಉದ್ದನೆಯ ಕೆರೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಹಾಗೆ. ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ನಡುವೆ ಕಲ್ಲಿನ ತೊಟ್ಟಿ, ಎರಡೂ ತುದಿಗೆ ಮರದ ಬಾಗಿಲು. ಅದೇ ಲಾಕ್. ದೋಣಿ ಕೆಳಗಿನಿಂದ ತೊಟ್ಟಿಯೊಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮೇಲಿನ ತೂಬು ಎತ್ತುತ್ತೇವೆ. ಎತ್ತಲು ವಿಂಡ್‌ಲಸ್ ಎಂಬ ಕಬ್ಬಿಣದ ಹಿಡಿ, ಹಳೇ ಕಾಲದ ಲಾರಿ ಸ್ಟಾರ್ಟ್ ಮಾಡುತ್ತಿದ್ದ ಹ್ಯಾಂಡಲ್ ನೆನಪಿಸಿಕೊಳ್ಳಿ. ನೀರು ತುಂಬಿದ ಹಾಗೆ ದೋಣಿ ಏಳುತ್ತದೆ. ಎರಡೂ ಕಡೆ ನೀರು ಸಮ ಆದಾಗ ಬಾಗಿಲಿನ ತೊಲೆಗೆ ಬೆನ್ನು ಕೊಟ್ಟು ತಳ್ಳಿದರೆ ತೆರೆಯುತ್ತದೆ. ಸಮ ಆಗುವ ಮೊದಲು ಹತ್ತು ಜನ ತಳ್ಳಿದರೂ ಅಲುಗುವುದಿಲ್ಲ. ಮೋಟಾರಿಲ್ಲ, ಕರೆಂಟಿಲ್ಲ.

ಒಂದು ಸಣ್ಣ ಲಾಕ್ ತುಂಬಲು ಲಕ್ಷ ಲೀಟರಿಗೂ ಜಾಸ್ತಿ ನೀರು ಬೇಕು. ಒಂದೊಂದು ದೋಣಿ ಹೋದಾಗಲೂ ಅಷ್ಟು ನೀರು ಗುಡ್ಡದ ಮೇಲಿನಿಂದ ಕೆಳಗಿಳಿಯುತ್ತದೆ. ಅದಕ್ಕೇ ಮೇಲಿನ ಮಟ್ಟಕ್ಕೆ ನೀರು ಕೊಡಲೆಂದೇ ಅಲ್ಲಲ್ಲಿ ಜಲಾಶಯ ಕಟ್ಟಿದ್ದಾರೆ. ಮಳೆ ಕೈಕೊಟ್ಟರೆ ದಾರಿಯೇ ಬಂದ್. 2025ರ ಬೇಸಿಗೆಯಲ್ಲಿ ಲೀಡ್ಸ್-ಲಿವರ್‌ಪೂಲ್ ಕಾಲುವೆಯ ದೊಡ್ಡ ಭಾಗವನ್ನೇ ಮುಚ್ಚಿದ್ದರು. ಕೆ.ಆರ್.ಎಸ್. ಮಟ್ಟ ನೋಡಿಕೊಂಡು ನಾಟಿ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮಿಗೆ ಗ್ರ್ಯಾಂಡ್ ಯೂನಿಯನ್ ಕಾಲುವೆ 137 ಮೈಲಿ, 166 ಲಾಕ್. ನಮ್ಮ ಲೆಕ್ಕ ಹೀಗೆ: ಮೈಲಿಯನ್ನೂ ಲಾಕನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಎಷ್ಟು ಗಂಟೆ ಎಂದು ಬರುತ್ತದೆ. ಅಲ್ಲಿಗೆ 101 ಗಂಟೆ. ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ನಮಗೆ ಕೆಲಸದ ನಡುವೆ ನಾಲ್ಕು ತಿಂಗಳು ಹಿಡಿಯಿತು. ಹ್ಯಾಟನ್ ಎಂಬಲ್ಲಿ ಒಂದರ ಹಿಂದೆ ಒಂದು 21 ಲಾಕ್. ಮುಗಿಸಿದ ದಿನ ರಾತ್ರಿ ಚಪಾತಿ ಲಟ್ಟಿಸಲು ಕೈ ಎತ್ತಲಾಗಲಿಲ್ಲ. ಅನ್ನ, ಉಪ್ಪಿನಕಾಯಿ.

ಸುಮ್ನೆ ಓದುಗ

ಅಪಾಯ ಏನೂ ಇಲ್ವಾ ಹಾಗಾದರೆ? ನಾಲ್ಕು ಅಡಿ ನೀರು, ನಾಲ್ಕು ಮೈಲಿ ವೇಗ.

ನಿಧಾನಗಾಮಿ

ಇದೆ. ಅದರ ಹೆಸರು ಹೊಸ್ತಿಲು.

ಪ್ರತಿ ಲಾಕಿನ ಮೇಲಿನ ಬಾಗಿಲ ಕೆಳಗೆ ಒಂದು ಕಲ್ಲಿನ ಹೊಸ್ತಿಲಿರುತ್ತದೆ. ತೊಟ್ಟಿ ತುಂಬಿದ್ದಾಗ ಕಾಣುವುದಿಲ್ಲ, ಇಳಿಯುವಾಗ ಹೊರಬರುತ್ತದೆ. ಅಲ್ಲಿವರೆಗೆ ಹುಷಾರು ಎಂದು ಗೋಡೆಗೆ ಬಿಳಿ ಗೆರೆ ಎಳೆದಿರುತ್ತಾರೆ. ಇಳಿಯುವಾಗ ದೋಣಿಯ ಹಿಂಭಾಗ ಅದರ ಮೇಲೆ ಕೂತುಬಿಟ್ಟರೆ, ನೀರಿನ ಜೊತೆ ಮುಂಭಾಗ ಮಾತ್ರ ಇಳಿಯುತ್ತಾ ಹೋಗುತ್ತದೆ. ಆಮೇಲೆ ನಿಮಿಷಗಳಲ್ಲಿ ದೋಣಿ ಮುಳುಗುತ್ತದೆ. ಇದು ಕಟ್ಟುಕಥೆಯಲ್ಲ, ಹೀಗೆ ಮುಳುಗಿದ ದೋಣಿಗಳಿವೆ.

ನಮ್ಮ ಮೊದಲ ವರ್ಷ, ಆಕ್ಸ್‌ಫರ್ಡ್ ಕಾಲುವೆಯ ನ್ಯಾಪ್ಟನ್. ಗುಡ್ಡದ ಮೇಲೆ ಗಾಳಿಯಂತ್ರ ಕಾಣುತ್ತದೆ, ಒಂಬತ್ತು ಲಾಕ್ ಇಳಿಯಬೇಕು. ಮೂರನೆಯದೋ ನಾಲ್ಕನೆಯದೋ. ಚುಕ್ಕಾಣಿ ನನ್ನ ಕೈಯಲ್ಲಿ, ತೂಬು ಇವರ ಕೈಯಲ್ಲಿ. ಒಲೆ ಮೇಲೆ ಹಾಲಿಟ್ಟಿದ್ದೆ. ಉಕ್ಕುವ ವಾಸನೆ ಬಂತು. ಎರಡು ಮೆಟ್ಟಿಲು ಇಳಿದು ಗ್ಯಾಸ್ ಆರಿಸಿ ಬರೋಣ ಎಂದು ಹೋದೆ. ಅರ್ಧ ನಿಮಿಷ. ಅಷ್ಟರಲ್ಲಿ ದೋಣಿ ಮೆಲ್ಲಗೆ ಹಿಂದಕ್ಕೆ ತೇಲಿತ್ತು. ಮೊದಲು ಕೇಳಿದ್ದು ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು. ಆಮೇಲೆ ಸ್ಟೀಲ್ ಡಬ್ಬಿಗಳು ಒಂದೊಂದಾಗಿ ಶೆಲ್ಫಿನ ಮೇಲೆ ಮುಂದಕ್ಕೆ ಜಾರತೊಡಗಿದವು, ಸಾಸಿವೆ, ಜೀರಿಗೆ, ಬೇಳೆ. ನೆಲ ವಾಲುತ್ತಿದೆ ಎಂದು ಗೊತ್ತಾಗಿದ್ದೇ ಡಬ್ಬಿಗಳಿಂದ. ಹೊರಗೆ ಓಡಿ ಬಂದು ಗಂಟಲು ಹರಿಯುವ ಹಾಗೆ ಕೂಗಿದೆ, "ಮುಚ್ರೀ, ಮುಚ್ರೀ!"

ಮುಂದಿನದನ್ನು ಅವರೇ ಬರೆಯಲಿ. ಪಕ್ಕದಲ್ಲೇ ಕೂತು ನಗುತ್ತಿದ್ದಾರೆ.

ಚಳ್ಳಕೆರೆ ಅಂಬಿಗ

ನಾನು ಅವಳ ಯಜಮಾನ. ಹೆಸರಿಗೆ ಯಜಮಾನ, ದೋಣಿಯಲ್ಲಿ ಕೂಲಿ.

ಆ ಹೊತ್ತಿಗೆ ನಾನು ಒಬ್ಬ ಹೆಂಗಸಿನ ಜೊತೆ ಮಾತಾಡುತ್ತಿದ್ದೆ, ನಾಯಿ ತಂದಿದ್ದರು, ನಾಯಿ ಚೆನ್ನಾಗಿತ್ತು. ಚಳ್ಳಕೆರೆ ಅಂದರೆ ಎಲ್ಲಿ, ಮಳೆ ಎಷ್ಟು ಕಮ್ಮಿ ಎಂದು ವಿವರಿಸುತ್ತಿದ್ದೆ. "ಮುಚ್ರೀ" ಎಂದು ಕೇಳಿಸಿತು. ಬಾಯಿ ಮುಚ್ಚಲು ಹೇಳುತ್ತಿದ್ದಾಳೆ ಅಂದುಕೊಂಡೆ. ಹನ್ನೆರಡು ವರ್ಷದ ಸಂಸಾರ, ಹಾಗೆ ಅಂದುಕೊಂಡಿದ್ದರಲ್ಲಿ ತಪ್ಪೇನಿದೆ ನೀವೇ ಹೇಳಿ. ಬಾಯಿ ಮುಚ್ಚಿದೆ. ಅವಳು ಇನ್ನೂ ಜೋರಾಗಿ ಕೂಗಿದಳು.

ಕನ್ನಡ ಬಾರದ ಆ ಹೆಂಗಸಿಗೇ ಮೊದಲು ಅರ್ಥವಾಯಿತು. ನಾಯಿಯ ಹಗ್ಗ ಬಿಟ್ಟು ನನ್ನ ಕೈಯಿಂದ ವಿಂಡ್‌ಲಸ್ ಕಿತ್ತುಕೊಂಡು ಕೆಳಗಿನ ತೂಬು ಇಳಿಸಿದರು. ನಾನು ಮೇಲಿನ ತೂಬಿಗೆ ಓಡಿದೆ. ನೀರು ಮತ್ತೆ ತುಂಬಿತು, ದೋಣಿ ಹೊಸ್ತಿಲಿನಿಂದ ಎದ್ದಿತು. ಎಲ್ಲ ಸೇರಿ ಎರಡು ನಿಮಿಷ ಇರಬಹುದು. ನನಗೆ ಈಜು ಬರುವುದಿಲ್ಲ ಎಂಬುದು ಆಮೇಲೆ ನೆನಪಾಯಿತು. ನಮ್ಮೂರಲ್ಲಿ ಈಜಲು ನೀರೆಲ್ಲಿದೆ.

ಅವತ್ತು ಸಂಜೆ ಜಗಳ ಆಯಿತು. ಹಾಲು ದೊಡ್ಡದೋ ಹರಟೆ ದೊಡ್ಡದೋ ಎಂದು. ಆಮೇಲೆ ಎರಡು ಒಪ್ಪಂದ ಆಯಿತು. ಲಾಕಿನಲ್ಲಿ ಏನೇ ಅಪಾಯ ಬಂದರೂ ಕೂಗುವ ಮಾತು ಒಂದೇ, "ತೂಬು!" ಬೇರೆ ಯಾವ ಅರ್ಥಕ್ಕೂ ಎಡೆಯಿಲ್ಲ. ಎರಡನೆಯದು, ಇಬ್ಬರಿಗೂ ಎರಡೂ ಕೆಲಸ ಬರಬೇಕು. ಇಲ್ಲಿ ನೂರಕ್ಕೆ ತೊಂಬತ್ತು ದೋಣಿಗಳಲ್ಲಿ ಗಂಡ ಹಿಂದೆ ಚುಕ್ಕಾಣಿ ಹಿಡಿದು ಪೋಸು ಕೊಡುತ್ತಿರುತ್ತಾನೆ, ಹೆಂಡತಿ ಬಾಗಿಲು ತಳ್ಳಿ ತಳ್ಳಿ ಸುಸ್ತಾಗಿರುತ್ತಾಳೆ. ಉಲ್ಟಾ ಇರಬೇಕಾದ್ದು. ತಳ್ಳಲು ತೂಕ ಬೇಕು, ನನ್ನಲ್ಲಿ ಅದು ಬೇಕಾದಷ್ಟಿದೆ. ನಡೆಸಲು ಸಹನೆ ಬೇಕು. ಹಿಡಿ ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ, ಅದೂ ನಾಲ್ಕು ಸೆಕೆಂಡ್ ಯೋಚನೆ ಮಾಡಿ ಆಮೇಲೆ.

ನಿಧಾನಗಾಮಿ

ತೊಂಬತ್ತು ಅನ್ನೋದು ಅವರ ಲೆಕ್ಕ, ಯಾರೂ ಎಣಿಸಿಲ್ಲ. ಉಳಿದದ್ದು ನಿಜ.

ಇನ್ನೊಂದು ಸೇರಿಸಿ. ಜಗಳ ಆದರೆ ಎದ್ದು ಹೋಗಲು ಜಾಗ ಎಲ್ಲಿ ಎಂದು ನನ್ನ ತಂಗಿ ಕೇಳಿದ್ದಳು. ದೋಣಿಯ ಮುಂಭಾಗದಲ್ಲಿ ಒಂದು ಪುಟ್ಟ ಕಟ್ಟೆ ಇದೆ, ಇಬ್ಬರು ಕೂರಬಹುದು. ಎಂಜಿನ್ ಹಿಂದಿರುವುದರಿಂದ ಅಲ್ಲಿ ಸದ್ದಿಲ್ಲ. ಹಿಂದಿನಿಂದ ಅಲ್ಲಿಗೆ ಐವತ್ತು ಅಡಿ. ಅದೇ ನನ್ನ ತವರುಮನೆ. ಬೆಟ್ಟು ಎತ್ತಿ ತೋರಿಸಿದರೆ ಸಾಕು, ಅವರಿಗೆ ಗೊತ್ತಾಗುತ್ತದೆ, ಇವಳು ತವರಿಗೆ ಹೊರಟಳು ಎಂದು.

ಹೊನ್ನಾವರ ಹುಡುಗ

ನಾನು ಶರಾವತಿ ಅಳಿವೆ ಕಡೆಯವ, ಮನೆಯಲ್ಲಿ ದೋಣಿ ಇದೆ. ಎರಡು ಪ್ರಶ್ನೆ. ಇಷ್ಟು ಕಿರಿದಾದ ಕಾಲುವೆಯಲ್ಲಿ ದೋಣಿಯ ಕೆಳಗಿನ ಫ್ಯಾನಿಗೆ ಕಸ ಸುತ್ತಿಕೊಂಡರೆ ನೀರಿಗಿಳಿಯಬೇಕಾ? ನಮ್ಮಲ್ಲಿ ಬಲೆ ಸಿಕ್ಕಿಕೊಂಡರೆ ಮುಳುಗಲೇಬೇಕು. ಇನ್ನೊಂದು, ನಮ್ಮಲ್ಲಿ ಯಾಕೆ ಈ ಥರ ಯಾರೂ ಇರುವುದಿಲ್ಲ? 2016ರ ಕಾನೂನಿನಲ್ಲಿ ದೇಶದ 111 ಜಲಮಾರ್ಗಗಳನ್ನು ರಾಷ್ಟ್ರೀಯ ಅಂತ ಸಾರಿದ್ದಾರೆ. ಕಾಳಿ, ಶರಾವತಿ, ನೇತ್ರಾವತಿ ಮೂರೂ ಪಟ್ಟಿಯಲ್ಲಿವೆ. ಕಾಗದದ ಮೇಲೆ.

ನಿಧಾನಗಾಮಿ

ನೀರಿಗಿಳಿಯಬೇಕಾಗಿಲ್ಲ. ಎಂಜಿನ್ ಪಕ್ಕ ಫ್ಯಾನಿನ ನೇರ ಮೇಲೆ ಒಂದು ಮುಚ್ಚಳ ಇದೆ. ಎಂಜಿನ್ ಆರಿಸಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ಮುಚ್ಚಳ ಬಿಚ್ಚಿ ಭುಜದವರೆಗೆ ಕೈ ಇಳಿಸಿ ಬ್ರೆಡ್ ಚಾಕುವಿನಲ್ಲಿ ಕತ್ತರಿಸುವುದು. ಪ್ಲಾಸ್ಟಿಕ್ ಚೀಲ, ಹಗ್ಗ, ಜೀನ್ಸ್ ಪ್ಯಾಂಟು ಸಿಕ್ಕಿವೆ. ಬರ್ಮಿಂಗ್‌ಹ್ಯಾಮಿನಲ್ಲಿ ಒಮ್ಮೆ ಒಂದು ಸೀರೆ. ನೀಲಿ ಜಾರ್ಜೆಟ್, ಜರಿ ಅಂಚು. ಐದೂವರೆ ಮೀಟರನ್ನು ಗೇಣು ಗೇಣಾಗಿ ಕತ್ತರಿಸಿ ತೆಗೆಯಲು ಒಂದು ಗಂಟೆ ಹಿಡಿಯಿತು. ಯಾರದೋ ಏನೋ. ಎಸೆದದ್ದೋ, ಗಾಳಿಗೆ ಹಾರಿದ್ದೋ ಎಂದು ಬಹಳ ದಿನ ಯೋಚನೆ ಮಾಡಿದೆ.

ನಮ್ಮಲ್ಲಿ ಯಾಕಿಲ್ಲ ಎಂದರೆ, ನಮ್ಮ ನದಿಗೂ ಇಲ್ಲಿನ ಕಾಲುವೆಗೂ ಸ್ವಭಾವವೇ ಬೇರೆ. ಇಲ್ಲಿ ವರ್ಷಪೂರ್ತಿ ನೀರಿನ ಮಟ್ಟ ಹೆಚ್ಚುಕಡಿಮೆ ಒಂದೇ. ನಮ್ಮಲ್ಲಿ ಜುಲೈಯಲ್ಲಿ ಮರ ಕೊಚ್ಚಿಕೊಂಡು ಹೋಗುತ್ತದೆ, ಏಪ್ರಿಲಿನಲ್ಲಿ ಬಂಡೆ ಕಾಣುತ್ತದೆ. ಮೇಲೆ ಅಣೆಕಟ್ಟು, ಅದಕ್ಕೆ ಲಾಕ್ ಇಲ್ಲ. ಕೇರಳದ ಹಿನ್ನೀರು ಮಾತ್ರ ಇದಕ್ಕೆ ಹತ್ತಿರ. ಅಲ್ಲಿನ ಕೆಟ್ಟುವಳ್ಳಂ ಮೊದಲು ಅಕ್ಕಿ, ಕೊಬ್ಬರಿ ಸಾಗಿಸುತ್ತಿದ್ದ ದೋಣಿ, ಈಗ ಪ್ರವಾಸಿಗರದ್ದು. ಇಲ್ಲಿನದೂ ಹಾಗೇ, ಮೊದಲು ಕಲ್ಲಿದ್ದಲು, ಈಗ ನಾವು.

ಶರಾವತಿ ಎಂದಿರಲ್ಲ, ಅದಕ್ಕೆ ಹೇಳುತ್ತೇನೆ. ನಮ್ಮಜ್ಜಿಯ ಮನೆ ಲಿಂಗನಮಕ್ಕಿಯ ಮುಳುಗಡೆ. 1964ರಲ್ಲಿ ಅಣೆಕಟ್ಟು ಮುಗಿಯಿತು, ಇವರು ಅದಕ್ಕೂ ಮೊದಲೇ ಅಡಿಕೆ ತೋಟ ಬಿಟ್ಟು ಎದ್ದು ಬಂದವರು. ಚಿಕ್ಕವಳಿದ್ದಾಗ ಸಿಗಂದೂರಿಗೆ ಲಾಂಚಿನಲ್ಲಿ ಹೋಗುವಾಗ ಅಜ್ಜಿ ನೀರಿನ ಕಡೆ ನೋಡುತ್ತಲೇ ಇರಲಿಲ್ಲ, ಬಸ್ಸಿನೊಳಗೇ ಕೂತಿರುತ್ತಿದ್ದರು. ದೋಣಿ ಕೊಂಡ ಸುದ್ದಿ ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ನೀರಿಗೆ ಮನೆ ಕೊಟ್ಟು ಬಂದ್ವಿ, ನೀನು ದುಡ್ಡು ಕೊಟ್ಟು ನೀರಲ್ಲಿ ಮನೆ ಮಾಡ್ತೀಯಾ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. 2025ರ ಜುಲೈನಲ್ಲಿ ಅಲ್ಲಿ ಸೇತುವೆ ಆಯಿತು. ಅಜ್ಜಿ ನೋಡಲಿಲ್ಲ.

ಹೊನ್ನಾವರ ಹುಡುಗ

🙏

ಲಂಡನ್ ಮೂರನೇ ಮಹಡಿ

ಚೆನ್ನಾಗಿ ಬರೆಯುತ್ತಿದ್ದೀರಿ, ಆದರೆ ಒಂದು ಮಾತು. ನಮ್ಮ ಮನೆ ರೀಜೆಂಟ್ಸ್ ಕಾಲುವೆ ಪಕ್ಕ. ಇಲ್ಲಿ ದೋಣಿಯಲ್ಲಿರುವ ಎಷ್ಟೋ ಜನ ಆಸೆಪಟ್ಟು ಬಂದವರಲ್ಲ. ಬಾಡಿಗೆ ಕಟ್ಟಲಾಗದೆ ಬಂದವರು. ನಿಮಗೆ 14 ದಿನಕ್ಕೊಮ್ಮೆ ಹೊರಡುವುದು ಮೋಜು. ಮಗುವನ್ನು ಒಂದೇ ಶಾಲೆಗೆ ಕಳಿಸಬೇಕಾದವರಿಗೆ ಅದು ಶಿಕ್ಷೆ. ಇದನ್ನು "ನಿಧಾನದ ಬದುಕು" ಅಂತ ಮಾರುವುದು ಸರಿಯಲ್ಲ ಅನ್ನಿಸುತ್ತದೆ.

ನಿಧಾನಗಾಮಿ

ಒಪ್ಪುತ್ತೇನೆ. ನಮ್ಮದು ಬೇಕೆಂದು ಆರಿಸಿಕೊಂಡದ್ದು, ಬೇಡವಾದರೆ ಬಿಟ್ಟು ಹೋಗಬಹುದು. ಎಲ್ಲರಿಗೂ ಆ ದಾರಿ ಇಲ್ಲ. ಕಳೆದ ಚಳಿಗಾಲ ನಮ್ಮ ಪಕ್ಕ ನಿಂತಿದ್ದ ಹುಡುಗನ ದೋಣಿಯಲ್ಲಿ ಎಂಜಿನ್ನೇ ಕೆಟ್ಟಿತ್ತು. ದಿನ ತುಂಬಿದಾಗ ಹೆಗಲಿಗೆ ಹಗ್ಗ ಹಾಕಿಕೊಂಡು ದಂಡೆಯ ಮೇಲೆ ನಡೆದು ಎಳೆದುಕೊಂಡು ಹೋದ.

ಇದು ಹೊಸದೂ ಅಲ್ಲ. ರೈಲು ಬಂದು ಕಾಲುವೆಯವರ ಸಂಪಾದನೆ ಬಿದ್ದಾಗಲೇ ದೋಣಿಯವರು ದಡದ ಮನೆ ಬಿಟ್ಟು ಹೆಂಡತಿ ಮಕ್ಕಳನ್ನು ದೋಣಿಗೆ ಕರೆತಂದದ್ದು. ಹತ್ತಡಿ ಉದ್ದದ ಗೂಡಿನಲ್ಲಿ ಇಡೀ ಸಂಸಾರ, ಉಳಿದದ್ದೆಲ್ಲ ಸರಕಿಗೆ. ನೋಡಲಾಗದಷ್ಟು ಕಷ್ಟ ಇದ್ದುದರಿಂದಲೇ ಜಾರ್ಜ್ ಸ್ಮಿತ್ ಎಂಬುವರು ಹೋರಾಡಿ 1877ರಲ್ಲಿ ಕಾಲುವೆ ದೋಣಿಗಳ ಕಾನೂನು ಬಂತು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ, ಉಳಿದಿದ್ದ ಸರಕು ಸಾಗಣೆಗೂ ಬಲವಾದ ಪೆಟ್ಟು ಬಿತ್ತು. ಹಾಗೆಯೇ ಆಸೆಪಟ್ಟು ಬಂದ ದಂಪತಿಗಳೂ ಆಗಲೇ ಇದ್ದರು. ಟಾಮ್ ರೋಲ್ಟ್ ಮತ್ತು ಏಂಜೆಲಾ 1939ರಲ್ಲಿ ಕ್ರೆಸ್ಸಿ ಎಂಬ ದೋಣಿಯಲ್ಲಿ ಹೊರಟವರು. ಕಾಲುವೆ ಉಳಿಸಲು 1946ರಲ್ಲಿ ಸಂಘ ಕಟ್ಟಿದವರಲ್ಲಿ ರೋಲ್ಟ್ ಒಬ್ಬರು. ಹಳೆಯ ದೋಣಿ ಹೆಂಗಸರು ಹಿತ್ತಾಳೆ ಉಜ್ಜಿ, ಬಕೆಟ್ಟಿಗೆ ಗುಲಾಬಿ ಬರೆದು ಇಟ್ಟುಕೊಳ್ಳುತ್ತಿದ್ದರಲ್ಲ, ಅದನ್ನು ನೋಡಿದಾಗೆಲ್ಲ ಬಾಡಿಗೆ ಗುಡಿಸಲಿನ ಮುಂದೆಯೂ ರಂಗೋಲಿ ಹಾಕುವವರು ನೆನಪಾಗುತ್ತಾರೆ.

ಆಮ್ಸ್ಟರ್‌ಡ್ಯಾಮ್ ಸೈಕಲ್ಲು

ಇಲ್ಲೂ ದೋಣಿ ಮನೆಗಳಿವೆ, ಆದರೆ ಅವು ಎಲ್ಲಿಗೂ ಹೋಗಲ್ಲ. ವಿಳಾಸ ಇದೆ, ಕರೆಂಟಿದೆ, ಒಳಚರಂಡಿ ಕನೆಕ್ಷನ್ ಇದೆ. ಬೆಲೆ ಕೇಳಿದರೆ ನೀವೇ ನೀರಿಗೆ ಹಾರುತ್ತೀರಿ. ಅಂದ ಹಾಗೆ, ನಿಮಗೆ ಅಂಚೆ, ಡಾಕ್ಟರು ಎಲ್ಲ ಹೇಗೆ?

ನಿಧಾನಗಾಮಿ

ವಿಳಾಸವೇ ದೊಡ್ಡ ತಲೆನೋವು. ಬ್ಯಾಂಕು, ವಿಮೆ, ಎಲ್ಲರೂ ಮನೆ ನಂಬರ್ ಕೇಳುತ್ತಾರೆ. ಸ್ನೇಹಿತರೊಬ್ಬರ ಮನೆಗೆ ಕಾಗದ ಬರುತ್ತವೆ, ಅವರು ಫೋಟೋ ತೆಗೆದು ಕಳಿಸುತ್ತಾರೆ. ಡಾಕ್ಟರ ಹತ್ತಿರ ನೋಂದಾಯಿಸಲು ಇಲ್ಲಿ ಕಾಯಂ ವಿಳಾಸ ಬೇಕಿಲ್ಲ, ಆದರೆ ಕೌಂಟರಿನಲ್ಲಿ ಕೂತವರಿಗೆ ಕೆಲವೊಮ್ಮೆ ಅದು ಗೊತ್ತಿರುವುದಿಲ್ಲ. ಒಂದು ಕಡೆ ನಲವತ್ತು ನಿಮಿಷ ವಾದ ಮಾಡಿದ್ದೇನೆ. ನಾವು ಐಎಲ್‌ಆರ್ (ಇಲ್ಲಿ ಕಾಯಂ ಇರುವ ಅನುಮತಿ) ಸಿಗುವವರೆಗೆ ಕಾದೇ ದೋಣಿಗೆ ಬಂದದ್ದು. ವೀಸಾ ಮೇಲಿರುವವರು ಆತುರ ಮಾಡಬೇಡಿ.

ರೆಡಿಂಗ್ ರಾಗಿಮುದ್ದೆ

ಅಕ್ಕ, ನಾವಿಬ್ಬರು ಮೇ ತಿಂಗಳಲ್ಲಿ ಒಂದು ವಾರ ದೋಣಿ ಬಾಡಿಗೆಗೆ ತೆಗೆದುಕೊಳ್ಳೋಣ ಅಂತಿದ್ದೇವೆ. ಲೈಸೆನ್ಸ್ ಏನೂ ಬೇಡವಂತೆ, ನಿಜವಾ? ಹತ್ತಿರ ಅಂತ ಕೆನೆಟ್ ಆ್ಯಂಡ್ ಏವನ್ ಕಾಲುವೆ ನೋಡಿದೆವು. ಡಿವೈಸಸ್ ಹತ್ತಿರ 29 ಲಾಕ್ ಇದೆಯಂತೆ, ಫೋಟೋ ಸಖತ್ತಾಗಿದೆ!

ನಿಧಾನಗಾಮಿ

ಫೋಟೋ ಸಖತ್ತಾಗಿರುತ್ತದೆ, ಸೊಂಟ ಇರುವುದಿಲ್ಲ. ಕೇನ್ ಹಿಲ್ಲಿನ 29ರಲ್ಲಿ 16 ಒಂದೇ ಸಾಲಿನಲ್ಲಿ ಗುಡ್ಡಕ್ಕೆ ನಿಂತಿವೆ. ಅದನ್ನು ದಂಡೆಯ ಮೇಲೆ ನಡೆದು ನೋಡಿ ಬನ್ನಿ.

ಬಾಡಿಗೆ ದೋಣಿ ನಡೆಸಲು ನಿಮಗೆ ಯಾವ ಲೈಸೆನ್ಸೂ ಬೇಡ, ನಿಜ. ಹೊರಡುವ ಮೊದಲು ಅವರೇ ತೋರಿಸಿ ಕೊಡುತ್ತಾರೆ. ಮೊದಲ ಸಲಕ್ಕೆ ವೇಲ್ಸಿನ ಲಾಂಗೋಲೆನ್ ಕಾಲುವೆ ಒಳ್ಳೆಯದು. ಲಾಕ್ ಕಡಿಮೆ, ಪಾಂಟ್‌ಕಸುಲ್ತೆ ಸಿಗುತ್ತದೆ. ಟೆಲ್ಫರ್ಡ್ ಮತ್ತು ಜೆಸಪ್ ಎಂಬ ಎಂಜಿನಿಯರುಗಳು 1805ರಲ್ಲಿ ಮುಗಿಸಿದ ನೀರಿನ ಸೇತುವೆ. 18 ಕಲ್ಲಿನ ಕಂಬ, 38 ಮೀಟರ್ ಎತ್ತರ, 307 ಮೀಟರ್ ಉದ್ದ. ಕೆಳಗೆ ನದಿ, ಮೇಲೆ ಕಬ್ಬಿಣದ ತೊಟ್ಟಿಯಲ್ಲಿ ನಿಮ್ಮ ದೋಣಿ. ಒಂದು ಪಕ್ಕ ನಡೆಯುವ ದಾರಿ, ಅದಕ್ಕೆ ಕಂಬಿ. ಇನ್ನೊಂದು ಪಕ್ಕ ಏನೂ ಇಲ್ಲ. ತೊಟ್ಟಿಯ ಅಂಚು, ಅದರಾಚೆ ಗಾಳಿ. ನಮ್ಮವರು ಒಳಗೆ ಹೋಗಿ ಈರುಳ್ಳಿ ಹೆಚ್ಚುತ್ತಾ ಕೂತಿದ್ದರು. ಅವತ್ತು ಹೆಚ್ಚಿದ ಈರುಳ್ಳಿ ನಾಲ್ಕು ದಿನ ಬಂತು.

ಚಳ್ಳಕೆರೆ ಅಂಬಿಗ

ಅದು ಹೆದರಿಕೆಯಲ್ಲ. ಸಾರಿಗೆ ಬೇಕಾಗಿತ್ತು.

ರೆಡಿಂಗ್ ರಾಗಿಮುದ್ದೆ

😂 ಸರಿ ಲಾಂಗೋಲೆನ್ ಬುಕ್ ಮಾಡ್ತೀವಿ. ಮನೆಯಿಂದ ಏನು ತರಬೇಕು?

ನಿಧಾನಗಾಮಿ

ಮಳೆ ಕೋಟು, ಜಾರದ ಶೂ, ಹಳೇ ಕೈಗವಸು. ಸೂಟ್‌ಕೇಸ್ ಬೇಡ, ಇಡಲು ಜಾಗ ಇಲ್ಲ, ಮಡಚುವ ಬ್ಯಾಗಿನಲ್ಲಿ ತನ್ನಿ. ಕುಕ್ಕರ್ ತನ್ನಿ. ಫೋನನ್ನು ಚಾವಣಿ ಮೇಲೆ ಇಡಬೇಡಿ. ವಿಂಡ್‌ಲಸ್ ಒಂದನ್ನೇ ಕೊಟ್ಟರೆ ಇನ್ನೊಂದು ಕೇಳಿ ಇಸಕೊಳ್ಳಿ. ಒಂದು ಖಂಡಿತ ನೀರಿಗೆ ಬೀಳುತ್ತದೆ. ನಾವು ಮೂರು ಕಳೆದುಕೊಂಡು, ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಹುಡುಕಿದಾಗ ನಾಲ್ಕು ಸಿಕ್ಕಿವೆ.

ಉಳಿದದ್ದು ನಾಳಿದ್ದು ಬರೆಯುತ್ತೇನೆ. ಇಲ್ಲಿ ನಮಗೆ ಇವತ್ತಿಗೆ ಹದಿಮೂರು ದಿನ. ಬೆಳಿಗ್ಗೆ ಗೂಟ ಕಿತ್ತು ಹೊರಡಬೇಕು, ಉದ್ದಿನಬೇಳೆ ನೆನೆಹಾಕಿದ್ದೇನೆ.